ಬಿಟ್ಟಿ

ಮಂಗಳವಾರ ಕಡಲಿಗೆ ರಜೆ.
ಆ ದಿನ ಬಲೆ ಬೀಸಿದವನ ದೋಣಿಯನ್ನು
ದೇವರು ಲೆಕ್ಕಕ್ಕಿಡುವುದಿಲ್ಲವಂತೆ.
ಹಾಗಾಗಿ ದೋಣಿಗಳೆಲ್ಲ ಮರಳಲ್ಲಿ ಮಗ್ಗುಲಾಗಿವೆ,
ಗಂಡಸರು ಬಲೆಯ ತೂತುಗಳ ಜೊತೆ ಮಾತಾಡುತ್ತ ಕೂತಿದ್ದಾರೆ,
ಮತ್ತು ಕ್ವಾನ್ಸಿಮಾ, ಹೊಗೆಯಲ್ಲೊಣಗಿಸಿದ ಮೀನು ಮಾರುವವಳು,
ಗುಡ್ಡ ಹತ್ತುತ್ತಿದ್ದಾಳೆ.
ಅರವತ್ತೆಂಟು ವಯಸ್ಸು. ನೂರಾ ಹನ್ನೊಂದು ಮೆಟ್ಟಿಲು.
ಎರಡರ ನಡುವೆ ಉಸಿರಿಗೊಂದು ಬೇವಿನ ಮರ.

ಬಾಗಿಲಲ್ಲಿ ಬೆಂಟ್ಸಿಲ್. ಗರಿಗರಿ ಖಾಕಿ.
ಟಿಕೆಟ್ ಪುಸ್ತಕ ಮುಚ್ಚಿ ಹೇಳುತ್ತಾನೆ:
"ಊರವರಿಗೆ ಬಿಟ್ಟಿ, ಅಮ್ಮಾ. ಹೊಸ ನಿಯಮ."

ಬಿಟ್ಟಿ.
ಆ ಪದವನ್ನು ಅವಳು
ಮುಳ್ಳು ಹುಡುಕುವ ನಾಲಿಗೆಯಲ್ಲಿ ಹೊರಳಿಸುತ್ತಾಳೆ.

ಬಿಟ್ಟಿಯಲ್ಲೇ ಅಲ್ಲವೇ ಇದು ಎದ್ದದ್ದು?
ಮನೆಗೊಬ್ಬ ಆಳು, ತಲೆಗೊಂದು ಕಲ್ಲು,
ಸಿಂಪಿ ಆಯ್ದು ಸುಟ್ಟು ಸುಣ್ಣ ಮಾಡಿದ ಹೆಂಗಸರು.
ಹಡಗು ಹೊಯ್ದಾಡದಿರಲೆಂದು ಅಡಿಗೆ ತುಂಬಿ ತಂದ
ಹಳದಿ ಇಟ್ಟಿಗೆ ಇಲ್ಲಿ ಇಳಿಯಿತು.
ಬರಿದಾದ ಜಾಗಕ್ಕೆ
ತೂಕಕ್ಕೆ ತೂಕ
ಜನ ಏರಿದರು.

ಡಚ್ಚರು ಕಟ್ಟಿದರು, ಇಂಗ್ಲಿಷರು ಕಿತ್ತುಕೊಂಡರು,
ಮರಳಿಸಿದರು, ಆಮೇಲೆ ದುಡ್ಡು ಕೊಟ್ಟೇ ಕೊಂಡರು.
ರಸೀದಿ ಇದೆ, ಗಾಜಿನ ಪೆಟ್ಟಿಗೆಯಲ್ಲಿ,
ಗೆದ್ದಲು ಓದಿ ಉಳಿಸಿದಷ್ಟು.
ಬಾವುಟ ಬದಲಾದಾಗಲೆಲ್ಲ ಕಂಬಕ್ಕೆ ಬಣ್ಣ.
ಕಡಲಲ್ಲಿದ್ದವರಿಗೆ ಬಾವುಟ ಯಾರದಾದರೇನು,
ಕಂಬ ಕಂಡರೆ ಸಾಕು, ಮನೆ ಎಷ್ಟು ದೂರವೆಂದು ತಿಳಿಯುತ್ತಿತ್ತು.

ಮುಂದೆ ಇದೇ ಅಂಚೆ ಕಚೇರಿ.
ಫಿರಂಗಿಯ ಕಿಂಡಿಯಲ್ಲಿ ಕೈ ತೂರಿಸಿ
ಅವಳವ್ವ ಕುಮಾಸಿಯ ತಮ್ಮನಿಗೆ ಕಾಗದ ಹಾಕುತ್ತಿದ್ದಳು,
ನಾಲಿಗೆಯ ಮೇಲೆ ಯಾವುದೋ ರಾಜನ ಬೆನ್ನಿನ ಅಂಟು.
ಅದರಾಚೆ ಪೊಲೀಸು ಠಾಣೆ.
ಯಾರಿಗೂ ಬೇಡವಾದ ಕೆಲವು ವರ್ಷ, ಆಡುಗಳು.

ನೆಲಮಾಳಿಗೆಯಲ್ಲಿ ತಲೆ ತಗ್ಗಿಸಬೇಕು;
ನೀವು ಮರೆತರೆ ಕಲ್ಲು ನೆನಪಿಸುತ್ತದೆ.
ಗೋಡೆಯಲ್ಲಿ ಗೀರಿದ ಒಂದು ಮೀನು. ಮೀನಿಗೆ ಗಾಜು. ಪಕ್ಕಕ್ಕೆ ಬರಹ:
'ಸೆರೆಯಾಳೊಬ್ಬರ ಕೈ. ಹದಿನೆಂಟನೆಯ ಶತಮಾನ.'

"ನಮ್ಮಪ್ಪ," ಅನ್ನುತ್ತಾಳೆ ಕ್ವಾನ್ಸಿಮಾ.
"ಪರವಾನಗಿಯಿಲ್ಲದೆ ಡೋಲು ಬಡಿದನೆಂದು ಎರಡು ರಾತ್ರಿ ಕೂಡಿಹಾಕಿದ್ದರು.
ನನಗಾಗ ಏಳು. ಎಲೆಯಲ್ಲಿ ಸುತ್ತಿ ಕೆಂಕಿ ತಂದಿದ್ದೆ.
ಗೀರಿದ್ದು ನನ್ನ ಕೂದಲ ಪಿನ್ನಿನಲ್ಲಿ."

"ಗೊತ್ತಮ್ಮಾ. ಹೋದ ಮಂಗಳವಾರವೂ ಹೇಳಿದಿರಿ.
ಬರಹ ಬದಲಾಗಬೇಕಾದರೆ ರಾಜಧಾನಿಯಿಂದ ಬರಬೇಕು."

"ಇಲ್ಲಿದ್ದವರು ಒಳನಾಡಿನವರು, ಮಗಾ.
ಕಡಲನ್ನು ತಿಂಗಳುಗಟ್ಟಲೆ ಕೇಳಿದವರು, ನೋಡಿರದವರು.
ಈ ಮೀನಿನ ರೆಕ್ಕೆ ನೋಡು, ಎಷ್ಟು ಸರಿಯಾಗಿದೆ.
ಅವರು ಹೇಗೆ ಬಿಡಿಸಿಯಾರು?"

ಗಾಜಿನಿಂದ ಸರಿದು ಅವಳು
ಏನೂ ಇಲ್ಲದ ಗೋಡೆಯ ಮುಂದೆ
ಬಹಳ ಹೊತ್ತು ನಿಲ್ಲುತ್ತಾಳೆ.

ಕಡಲ ಕಡೆಗೊಂದು ಕಿರುಬಾಗಿಲು.
ದಾಟಿದರೆ ಇಳಿಜಾರು, ಇಳಿದರೆ ದಡ,
ದಡದಿಂದ ಹಡಗಿಗೆ ಅರ್ಧ ಮೈಲಿ ಅಲೆ.
ದೊಡ್ಡ ಹಡಗು ಈ ದಡಕ್ಕೆ ಬರಲಾರದು.
ಹಾಗಾದರೆ ಹುಟ್ಟು ಹಾಕಿದವರು ಯಾರು?
ಅದಕ್ಕೆ ಬರಹವಿಲ್ಲ.

ಅಜ್ಜಿ ಒಮ್ಮೆ, ಒಲೆಯ ಮೇಲೆ ಮೀನು ಮಗುಚುತ್ತ,
ಅವಳಿಗಲ್ಲ, ಹೊಗೆಗೆ ಹೇಳುವಂತೆ ಹೇಳಿದ್ದಳು:
ಕಲ್ಲು ಹೊತ್ತದ್ದು ಬಿಟ್ಟಿ.
ದೋಣಿ ನಡೆಸಿದ್ದಕ್ಕೆ
ಕೂಲಿ ಕೊಟ್ಟರು.

ಹೊರಗೆ ಬಂದು ಸೊಂಟದ ಗಂಟು ಬಿಚ್ಚಿ
ಮೀನು ನಾರುವ ಒಂದು ನೋಟನ್ನು ಮೇಜಿನ ಮೇಲಿಡುತ್ತಾಳೆ.
"ಬೇಡಮ್ಮಾ, ಹೇಳಿದೆನಲ್ಲ..."
"ಹರಿದು ಕೊಡು."
ಬೆಂಟ್ಸಿಲ್ ಅವಳ ಮುಖ ನೋಡಿ
ಪುಸ್ತಕ ತೆರೆಯುತ್ತಾನೆ.

ಕೆಳಗೆ ಹುಡುಗನೊಬ್ಬ ಕೊನೆಯ ತೂತಿಗೆ ಗಂಟು ಹಾಕಿ
ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಾನೆ.
ನಾಳೆ ಬುಧವಾರ.